ನುಂಗಿ ದಾಟಿಸುವ ಲೋಹ

ಆಟಿ ತಿಂಗಳಲ್ಲಿ ಎರಡು ದಿನ ಮಳೆ ಬಿಟ್ಟರೆ ಸಾಕು, ಬದಿಯಡ್ಕದ ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಹೋದ ವರ್ಷ ಸರಿಯಾಗಿ ಆಗಲೇ ಪಂಪ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ವಾಲ್ವ್ ಕೂರುವ ಜಾಗದಲ್ಲಿ ಸುಣ್ಣದ ಒಂದು ಕಲ್ಲು. ಸಾಸಿವೆಯಷ್ಟಿತ್ತು. ಅಷ್ಟಕ್ಕೇ ಅರ್ಧ ದಿನ ಹೋಯಿತು.

ತೋಟದ ಪಂಪ್ ಆದರೆ ತೊಳೆದು ಜೋಡಿಸಬಹುದು. ಹನಿಗಿಂತ ಕಡಿಮೆ ಔಷಧಿಯನ್ನು ಅಳೆದು ಮೈಯೊಳಗೆ ಬಿಡುವ ಪುಟ್ಟ ಪಂಪ್‌ನಲ್ಲಿ ವಾಲ್ವ್ ಕಟ್ಟಿಕೊಂಡರೆ? ಬಿಚ್ಚುವುದು ಯಾರು?

ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಮಾಡುವ ನನಗೆ ನಿಕ್ಕಲ್, ಮ್ಯಾಂಗನೀಸ್, ಗ್ಯಾಲಿಯಂ ಸೇರಿದ ಮಿಶ್ರಲೋಹದ ಮೇಲೆ ಇಷ್ಟು ಪ್ರೀತಿ ಅದಕ್ಕೇ. ಆಯಸ್ಕಾಂತ ಹತ್ತಿರ ಬಂದರೆ ಇದರ ಹರಳು ತನ್ನ ಆಕಾರವನ್ನೇ ಬದಲಿಸುತ್ತದೆ. ಒಳಗಿನ ಪರಮಾಣುಗಳ ಜೋಡಣೆಗೆ ಒಂದು ಗಿಡ್ಡ ಬದಿ ಇದೆ. ಆ ಬದಿ ಆಯಸ್ಕಾಂತದ ದಿಕ್ಕಿಗೆ ಹೊರಳುತ್ತದೆ, ಅಲ್ಲಿ ಲೋಹ ಕುಗ್ಗುತ್ತದೆ. 1996ರಲ್ಲಿ ವಿಜ್ಞಾನಿ ಕಾರಿ ಉಲ್ಲಕ್ಕೊ ಮತ್ತು ಜೊತೆಗಾರರು ಅಮೆರಿಕದ ಎಂಐಟಿಯಲ್ಲಿ ಇದನ್ನು ತೋರಿಸಿದಾಗ ಬದಲಾವಣೆ ಶೇ. 0.2 ಮಾತ್ರ. ಈಗ ಶೇ. 6 ಸಿಗುತ್ತದೆ. 10 ಮಿಲಿಮೀಟರ್ ಕಡ್ಡಿಯಲ್ಲಿ 0.6 ಮಿಲಿಮೀಟರ್ ಅಂದರೆ ಬರಿಗಣ್ಣಿಗೇ ಕಾಣುತ್ತದೆ!

2012ರಲ್ಲಿ ಅಮೆರಿಕದ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ತಂಡದೊಂದಿಗೆ ಉಲ್ಲಕ್ಕೊ ಈ ಲೋಹದಿಂದಲೇ ಪಂಪ್ ಮಾಡಿದರು. ಲೋಹದ ಸಣ್ಣ ಕಡ್ಡಿ, ಅದರ ಪಕ್ಕದಲ್ಲಿ ತಿರುಗುವ ಆಯಸ್ಕಾಂತ. ಕಡ್ಡಿಯ ಒಂದು ತುದಿಯಲ್ಲಿ ಸಣ್ಣ ಕುಳಿ ಬೀಳುತ್ತದೆ, ದ್ರವ ಅದರೊಳಗೆ ಬರುತ್ತದೆ. ಆಯಸ್ಕಾಂತ ತಿರುಗಿದಂತೆ ಕುಳಿಯೂ ಸರಿಯುತ್ತಾ ಹೋಗಿ, ಇನ್ನೊಂದು ತುದಿಯಲ್ಲಿ ದ್ರವವನ್ನು ಬಿಡುತ್ತದೆ. ನಾವು ಗಂಜಿ ನುಂಗುವಾಗ ಗಂಟಲಲ್ಲಿ ಆಗುವುದೂ ಹೀಗೇ ಅಲ್ವಾ? ವಾಲ್ವ್ ಇಲ್ಲ, ಒಳಗೆ ವಯರ್ ಇಲ್ಲ. ಆಯಸ್ಕಾಂತವನ್ನು ಹಿಂದಕ್ಕೆ ತಿರುಗಿಸಿದರೆ ದ್ರವವೂ ಹಿಂದಕ್ಕೆ.

ಕಷ್ಟ ಇರುವುದು ಹರಳು ಬೆಳೆಸುವುದರಲ್ಲಿ. ಸುಮ್ನೆ ಕರಗಿಸಿ ಎರಕ ಹೊಯ್ದರೆ ಸಾವಿರ ಸಣ್ಣ ಹರಳುಗಳಾಗಿ, ಒಂದು ಇನ್ನೊಂದನ್ನು ಹೊರಳಲು ಬಿಡುವುದಿಲ್ಲ. ಇಡೀ ಕಡ್ಡಿ ಒಂದೇ ಹರಳಾಗಬೇಕು. ಅದಕ್ಕೆ ಕುಲುಮೆಯಲ್ಲಿ ಬಹಳ ನಿಧಾನವಾಗಿ ತಣಿಸಬೇಕು. ಆಗಲೂ ಅದು ಬೇಗ ಬಿರುಕು ಬಿಡುವ ಲೋಹವೇ.

ಇನ್ನೊಂದು, ಬಿಸಿ. ಗ್ಯಾಲಿಯಂ 29.8 ಡಿಗ್ರಿಗೇ ಕರಗುತ್ತದೆ. ಏಪ್ರಿಲ್‌ನಲ್ಲಿ ಕಾಸರಗೋಡಿನ ಮೇಜಿನ ಮೇಲಿಟ್ಟರೆ ಬಾಟಲಿಯಲ್ಲೇ ನೀರಾಗಿರುತ್ತದೆ. ಮಿಶ್ರಲೋಹ ಹಾಗೆ ಕರಗುವುದಿಲ್ಲ. ಆದರೆ ಒಂದು ಮಿತಿ ದಾಟಿ ಬಿಸಿಯಾದರೆ ಜೋಡಣೆಯ ಗಿಡ್ಡ ಬದಿಯೇ ಇಲ್ಲವಾಗಿ ಪಂಪ್ ನಿಲ್ಲುತ್ತದೆ. ನಿಕ್ಕಲ್ ಸ್ವಲ್ಪ ಜಾಸ್ತಿ ಹಾಕಿದರೆ ಆ ಮಿತಿ ಮೇಲೇರುತ್ತದೆ. ನಮ್ಮ ಬೇಸಗೆಗೆ ಹೊಂದುವ ಪಾಕವನ್ನು ನಮ್ಮ ಊರಿನ ಮಕ್ಕಳೇ ಹುಡುಕಲಿ ಎಂದು ನನಗೆ ಬಹಳ ಆಸೆ.