ಪದ ಪರಿಚಯ: ಕಾಲಾಣೆ

‘ಕಾಲು’ ಮತ್ತು ‘ಆಣೆ’ ಎಂಬ ಪದಗಳು ಲೋಪಸಂಧಿಯಿಂದ ಕೂಡಿ ‘ಕಾಲಾಣೆ’ ಆಗಿದೆ. ಒಂದು ಆಣೆಯ ನಾಲ್ಕನೆಯ ಒಂದು ಭಾಗ ಎಂಬುದು ಇದರ ಅರ್ಥ. ದಶಮಾಂಶ ಪದ್ಧತಿ ಬರುವ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕವಿದ್ದುದರಿಂದ ಕಾಲಾಣೆಗೆ 3 ಪೈ, ರೂಪಾಯಿಗೆ 64 ಕಾಲಾಣೆ. ಪೈಯನ್ನು ಹಳೆಯ ಮೈಸೂರು ಸೀಮೆಯಲ್ಲಿ ಕಾಸು ಎಂದೂ ಕರೆಯುತ್ತಿದ್ದರು. ‘ಮೂರು ಕಾಸಿನ ಬೆಲೆಯಿಲ್ಲ’ ಎಂದು ಇಂದಿಗೂ ಹೇಳುವವರು ತಮಗೆ ತಿಳಿಯದಂತೆಯೇ ಕಾಲಾಣೆಯ ಮಾತನ್ನು ಆಡುತ್ತಿರುತ್ತಾರೆ. ಈ ಆಣೆಗೂ ‘ದೇವರಾಣೆ’ಯಲ್ಲಿರುವ ಆಣೆಗೂ ಸಂಬಂಧವಿಲ್ಲ: ಅದು ‘ಆಜ್ಞಾ’ ಎಂಬುದರ ತದ್ಭವ, ಇದು ಹಿಂದಿ, ಮರಾಠಿಗಳ ಕಡೆಯಿಂದ ಬಂದ ನಾಣ್ಯದ ಹೆಸರು.

ಹೆಸರು ಹೊರಗಿನದಾದರೂ ನಾಲ್ಕಾಗಿ ಒಡೆದು ಎಣಿಸುವ ಕ್ರಮ ಕನ್ನಡಿಗರಿಗೆ ಹೊಸದಾಗಿರಲಿಲ್ಲ. ನಮ್ಮ ಶಾಸನಗಳಲ್ಲಿ ಕಾಣುವ ‘ಹಾಗ’ ಕಾಲು ಭಾಗವನ್ನೂ ‘ವೀಸ’ ಹದಿನಾರನೆಯ ಒಂದು ಭಾಗವನ್ನೂ ಸೂಚಿಸುತ್ತವೆ. ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಕಾಲಾಣೆ, ಅರ್ಧಾಣೆ, ಮುಕ್ಕಾಲಾಣೆ ಎಂಬ ಮಾತುಗಳು ತಾನು ಕಲಿತ ಮಗ್ಗಿಯೇ ಅಂಗೈಗೆ ಬಂದಂತೆ ಇದ್ದಿರಬೇಕು.

ಮಲೆನಾಡಿನ ಮಕ್ಕಳಿಗೆ ಕೈಖರ್ಚಿನ ಹಣವೆಂದು ತಿಂಗಳಿಗಿಷ್ಟು ಕೊಡುವ ರೂಢಿ ಇರಲಿಲ್ಲ. ಬಂದ ನೆಂಟರು ಹೊರಡುವಾಗ ಕೈಯಲ್ಲಿಟ್ಟು ಹೋದ ಕಾಸು, ಸಾಗರದ ಮಾರಿಕಾಂಬಾ ಜಾತ್ರೆಗೋ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೋ ಹೋಗುವಾಗ ಮನೆಯ ಯಜಮಾನರು ಎಣಿಸಿ ಕೊಟ್ಟ ಕಾಸು, ಇವಿಷ್ಟೇ ಕೇಳದೆ ಸಿಗುತ್ತಿದ್ದುದು. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದರಿಂದ ಆ ಕಾಸಿಗೆ ಎಷ್ಟು ದಿನ ಕಾಯಬೇಕಿತ್ತೆಂಬುದನ್ನು ಊಹಿಸಬಹುದು. ಉಳಿದದ್ದನ್ನು ಮಕ್ಕಳೇ ದುಡಿದುಕೊಳ್ಳುತ್ತಿದ್ದರು. ತೋಟದಲ್ಲಿ ಬಿದ್ದ ಉದುರಡಿಕೆಯನ್ನು ಹೆಕ್ಕಿ, ಬೆಟ್ಟದಲ್ಲಿ ಸೀಗೆಕಾಯಿಯನ್ನೂ ಅಂಟುವಾಳಕಾಯಿಯನ್ನೂ ಆರಿಸಿ, ಲಂಗದ ಮಡಿಲಲ್ಲಿ ಕಟ್ಟಿಕೊಂಡು ಅಂಗಡಿಗೆ ಒಯ್ದರೆ ಅಂಗಡಿಯವರು ಅದನ್ನು ತೂಗಿ ಕಾಲಾಣೆಯನ್ನೋ ಅರ್ಧಾಣೆಯನ್ನೋ ಕೊಡುತ್ತಿದ್ದರೆಂದು ನನ್ನ ಅಮ್ಮಮ್ಮ ಹೇಳುತ್ತಿದ್ದರು. ಆ ಕಾಲಾಣೆ ಬಹಳ ಸಲ ಅಂಗಡಿಯ ಹೊಸ್ತಿಲನ್ನು ದಾಟುತ್ತಲೇ ಇರಲಿಲ್ಲ. ಅಲ್ಲಿಯೇ ಪೆಪ್ಪರಮಿಂಟು, ಬತ್ತಾಸು, ಹುರಿಗಡಲೆ ಅಥವಾ ಒಂದು ತುಂಡು ಕಡಲೆ ಮಿಠಾಯಿ ಆಗಿಬಿಡುತ್ತಿತ್ತು. ಬಳಪ ತರಲೆಂದು ಕೊಟ್ಟ ಕಾಲಾಣೆಯಲ್ಲಿ ಮಂಡಕ್ಕಿ ತಿಂದು, ಅಣ್ಣನ ಬಳಪವನ್ನು ಮುರಿದು ಅರ್ಧ ಪಡೆದು ಬರೆದ ದಿನವನ್ನು ಅವರು ಎಂಬತ್ತು ದಾಟಿದ ಮೇಲೂ ಮರೆತಿರಲಿಲ್ಲ.

ಕಾಲಾಣೆಗಳಲ್ಲಿ ಮಕ್ಕಳಿಗೆ ಹೆಚ್ಚು ಪ್ರಿಯವಾಗಿದ್ದುದು ನಡುವೆ ತೂತಿದ್ದ ನಾಣ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹವನ್ನು ಉಳಿಸುವ ಸಲುವಾಗಿ ಸರ್ಕಾರ 1943ರಿಂದ 1947ರವರೆಗಿನ ಇಸವಿಗಳಲ್ಲಿ ಈ ಕಂಚಿನ ನಾಣ್ಯವನ್ನು ಟಂಕಿಸಿತು. ಉಡಿದಾರಕ್ಕೆ ಪೋಣಿಸಿಕೊಂಡರೆ ಕಳೆಯುವ ಭಯವಿಲ್ಲದ್ದರಿಂದ, ಜೇಬಿಲ್ಲದ ಅಂಗಿಯ ಹುಡುಗರಿಗೆ ಇದಕ್ಕಿಂತ ಅನುಕೂಲವಾದ ಹಣ ಮತ್ತೊಂದಿರಲಿಲ್ಲ. 1950ರಲ್ಲಿ ಸ್ವತಂತ್ರ ಭಾರತದ ಮೊದಲ ನಾಣ್ಯಮಾಲೆ ಬಂದಾಗ ತೂತು ಹೋಗಿ ಕಾಲಾಣೆಯ ಮೇಲೆ ಓಡುವ ಕುದುರೆ ಮೂಡಿತು. ‘ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು’ ಎಂಬ ನಮ್ಮ ಗಾದೆಯನ್ನು ಬಲ್ಲವರಿಗೆ, ಮೂರು ಕಾಸಿನ ನಾಣ್ಯದ ಮೇಲೆ ಕುದುರೆಯೇ ಬಂದು ನಿಂತದ್ದು ಸೊಗಸಾದ ಆಕಸ್ಮಿಕವಾಗಿ ತೋರುತ್ತದೆ.

1957ರ ಏಪ್ರಿಲ್ 1ರಂದು ರೂಪಾಯಿಯನ್ನು 100 ನಯಾ ಪೈಸೆಗಳಾಗಿ ವಿಂಗಡಿಸಲಾಯಿತು. ನಾಲ್ಕಾಣೆಗೆ ಸರಿಯಾಗಿ 25, ಎಂಟಾಣೆಗೆ ಸರಿಯಾಗಿ 50 ಪೈಸೆಗಳಾದುದರಿಂದ ಆ ಎರಡು ಹೆಸರುಗಳು ಹೊಸ ನಾಣ್ಯಗಳಿಗೂ ಅಂಟಿಕೊಂಡವು. 2011ರ ಜೂನ್ ಕೊನೆಯಲ್ಲಿ 25 ಪೈಸೆ ಚಲಾವಣೆಯಿಂದ ಹೋಗುವವರೆಗೂ ಶಿವಮೊಗ್ಗದ ಅಂಗಡಿಗಳಲ್ಲಿ ಅದು ನಾಲ್ಕಾಣೆಯೇ ಆಗಿತ್ತು. ಕಾಲಾಣೆಗೆ ಆ ಭಾಗ್ಯವಿರಲಿಲ್ಲ. ಅದರ ಬೆಲೆ ಒಂದೂವರೆ ನಯಾ ಪೈಸೆಗಿಂತ ತುಸು ಹೆಚ್ಚು; ಅದಕ್ಕೆ ಸರಿಹೊಂದುವ ಹೊಸ ನಾಣ್ಯವೇ ಇರಲಿಲ್ಲವಾದ್ದರಿಂದ ಹೆಸರು ನಿಲ್ಲಲು ನೆಲೆ ತಪ್ಪಿತು. ಪರಿವರ್ತನೆಯ ಪಟ್ಟಿಯಲ್ಲಿ ಆರೂಕಾಲು ನಯಾ ಪೈಸೆಯ ಆಣೆಯನ್ನು 6ಕ್ಕೆ ಇಳಿಸಿ, ಕಾಲಾಣೆಯನ್ನು 2ಕ್ಕೆ ಏರಿಸಿದ್ದರು. ದೊಡ್ಡವರ ಲೆಕ್ಕದಲ್ಲಿ ಇದು ಅಲ್ಪವಾದ ವ್ಯತ್ಯಾಸ. ಆದರೆ ಒಂದೊಂದಾಗಿ ಕೊಂಡು ತಿನ್ನುವ ಮಗುವಿಗೆ, ಕಾಲಾಣೆಗೊಂದರಂತೆ ಒಂದು ಆಣೆಯಲ್ಲಿ ನಾಲ್ಕು ಸಲ ದೊರೆಯುತ್ತಿದ್ದ ಬತ್ತಾಸು, ಆ ಪಟ್ಟಿಯ ಲೆಕ್ಕದಂತೆ ಇನ್ನು ಮೂರೇ ಸಲ.