ಬಾಟಲಿ ರಾಕೆಟ್ ಲಾಗ ಹಾಕುವುದೇಕೆ?

ಪ್ರಶ್ನೆ: ಮಗಳ ಶಾಲೆಯ ವಿಜ್ಞಾನ ಮೇಳಕ್ಕೆ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ನೀರಿನ ರಾಕೆಟ್ ಮಾಡಿದ್ದೇವೆ. ತೆಂಗಿನ ಮರದ ಅರ್ಧ ಎತ್ತರಕ್ಕೆ ಹೋಗುವಷ್ಟರಲ್ಲಿ ಲಾಗ ಹಾಕಿ ಬೀಳುತ್ತದೆ. ಇನ್ನೂ ಜೋರಾಗಿ ಗಾಳಿ ಹೊಡೆಯಬೇಕೇ? (ಬೇಲೂರಿನ ಓದುಗರು)

ಉತ್ತರ: ಗಾಳಿ ಹೆಚ್ಚಿಸಬೇಡಿ, ಮೊದಲು ತೂಕ ಸರಿಮಾಡಿ. ಹಾರಿದ ಅರ್ಧ ಸೆಕೆಂಡಿನೊಳಗೆ ನೀರೆಲ್ಲ ಖಾಲಿ. ಅಲ್ಲಿಂದ ಮುಂದೆ ನಿಮ್ಮ ರಾಕೆಟ್ ಬರೀ ಎಸೆದ ಬಾಟಲಿ. ಅದರ ಬಾಯಿಯ ಭಾಗದ ಪ್ಲಾಸ್ಟಿಕ್ಕೇ ಎಲ್ಲಕ್ಕಿಂತ ದಪ್ಪ, ಆ ಬಾಯಿ ಇರುವುದು ಕೆಳಗೆ. ಅಂದರೆ ಬಾಲ ಭಾರ, ತಲೆ ಹಗುರ. ಬ್ಯಾಡ್ಮಿಂಟನ್ ಶಟಲ್ ನೋಡಿ: ಹೇಗೇ ಹೊಡೆದರೂ ಬೆಂಡು ಮುಂದೆ, ಪುಕ್ಕ ಹಿಂದೆ. ರಾಕೆಟ್ಟಿಗೂ ಅದೇ ಬೇಕು.

ತಲೆಯ ತೂಕಕ್ಕೆ ಟೆನಿಸ್ ಚೆಂಡಿಗಿಂತ ಒಳ್ಳೆಯದು ಸಿಗದು. ಸುಮಾರು 58 ಗ್ರಾಂ ತೂಗುತ್ತದೆ, ಯಾರ ತಲೆಗಾದರೂ ತಗುಲಿದರೆ ಕಲ್ಲು, ನಟ್ಟುಬೋಲ್ಟಿನಷ್ಟು ಅಪಾಯವಿಲ್ಲ. 1.25 ಲೀಟರಿನ ಇನ್ನೊಂದು ಬಾಟಲಿಯ ಮೇಲಿನ ಇಳಿಜಾರು ಭಾಗ ಕತ್ತರಿಸಿ, ಬಾಯಿಯ ಕಡೆ 5 ಸೆಂ.ಮೀ. ಅಗಲದ ತೂತು ಬರುವಂತೆ ಕತ್ತು ತೆಗೆಯಿರಿ. ರಾಕೆಟ್ ಬಾಟಲಿಯ ತಳದ ಮೇಲೆ ಚೆಂಡಿಟ್ಟು ಈ ಟೋಪಿ ಹಾಕಿದರೆ ಚೆಂಡಿನ ನೆತ್ತಿ ಮಾತ್ರ ಹೊರಗೆ ಇಣುಕುತ್ತದೆ, ಜಾರಿ ಬರುವುದಿಲ್ಲ. ಟೋಪಿಯ ಅಂಚನ್ನು ಒಂದು ಕಡೆ ಸ್ವಲ್ಪ ಸೀಳಿದರೆ ಸಲೀಸಾಗಿ ಕೂರುತ್ತದೆ. ಸುತ್ತ ಟೇಪು ಹಾಕಿ.

ಅದೇ ಬಾಟಲಿಯ ನಡುಭಾಗ ರೆಕ್ಕೆಗೆ. ಉದ್ದಕ್ಕೆ ಸೀಳಿ, ರಾಕೆಟ್ಟಿನ ಬಾಯಿಯ ಕಡೆಗೆ ಪಟ್ಟಿಯ ಹಾಗೆ ಸುತ್ತಿ ಟೇಪು ಮಾಡಿ. ರೆಕ್ಕೆ ಅಂಟಬೇಕಾದ್ದು ಆ ಪಟ್ಟಿಗೆ, ಬಾಟಲಿಗಲ್ಲ. ಇಲ್ಲೇ ಬಹಳ ಜನ ಎಡವುವುದು. ಫೆವಿಕ್ವಿಕ್ ತಾಗಿದ ಕಡೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಗ್ಲೂ ಗನ್ನಿನ ಬಿಸಿಗೆ ಮೆತ್ತಗಾಗುತ್ತದೆ. ಎರಡೂ ಒತ್ತಡ ತುಂಬಿದಾಗ ಬಿರಿಯುವ ಜಾಗಗಳೇ. ರೆಕ್ಕೆಗೆ ರಟ್ಟು ಬೇಡ, ಮೊದಲ ಹಾರಾಟಕ್ಕೇ ನೆನೆದು ಜೋತುಬೀಳುತ್ತದೆ. ಜಾಹೀರಾತು ಬೋರ್ಡಿನ ಪೊಳ್ಳು ಪ್ಲಾಸ್ಟಿಕ್ ಶೀಟು ತಕ್ಕದ್ದು. ಬುಡ 8 ಸೆಂ.ಮೀ., ಹೊರಚಾಚು 7 ಸೆಂ.ಮೀ., ಇಂಥ ಮೂರು ಸಾಕು. ಸಮ ಅಂತರ ಗುರುತಿಸಲು ಕೋನಮಾಪಕ ಹುಡುಕಬೇಡಿ. ಬಾಟಲಿಗೆ ಕಾಗದದ ಪಟ್ಟಿ ಒಂದು ಸುತ್ತು ಸುತ್ತಿ ಕತ್ತರಿಸಿ, ಮೂರು ಸಮಪಾಲಾಗಿ ಮಡಚಿ. ಎರಡು ಮಡಿಕೆ ಬಿದ್ದಲ್ಲಿ ಮತ್ತು ಪಟ್ಟಿಯ ತುದಿಗಳು ಸೇರುವಲ್ಲಿ ರೆಕ್ಕೆ.

ಈಗ ಪರೀಕ್ಷೆ. ನೀರಿಲ್ಲದ ರಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಡ್ಡ ನಿಲ್ಲಿಸಿ, ಅದು ತೂಗಿ ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಆಮೇಲೆ ರಾಕೆಟ್ಟನ್ನು ರಟ್ಟಿನ ಮೇಲೆ ಮಲಗಿಸಿ ರೆಕ್ಕೆ ಸಮೇತ ಅಂಚು ಬರೆದು ಕತ್ತರಿಸಿ, ಆ ರಟ್ಟನ್ನು ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ಗಾಳಿಯ ಒತ್ತು ಬೀಳುವ ಜಾಗ ಸುಮಾರಾಗಿ ಇದು. ಮೊದಲ ಗುರುತು ಇದಕ್ಕಿಂತ ಕನಿಷ್ಠ ಒಂದು ಬಾಟಲಿ ಅಗಲ, ಅಂದರೆ 9 ಸೆಂ.ಮೀ.ನಷ್ಟು, ತಲೆಯ ಕಡೆಗಿರಬೇಕು. ಇಲ್ಲದಿದ್ದರೆ ಚೆಂಡಿನ ಸುತ್ತ 20 ಗ್ರಾಂನಂತೆ ಜೇಡಿಮಣ್ಣು ಮೆತ್ತುತ್ತ ಹೋಗಿ. ಕೊನೆಗೆ ಮೊದಲ ಗುರುತಿಗೆ ಎರಡು ಮೀಟರ್ ದಾರ ಕಟ್ಟಿ ತಲೆಯ ಮೇಲೆ ಗಿರಗಿರ ತಿರುಗಿಸಿ. ಚೆಂಡು ಮುಂದಾಗಿ ಸುತ್ತಿದರೆ ಪಾಸು.

ಇಷ್ಟಾದ ಮೇಲೂ ಲಾಗ ಹಾಕಿದರೆ ಆಗ ಗಾಳಿಯ ಮಾತು. ರಬ್ಬರ್ ಕಾರ್ಕಿಗೆ ಹಳೇ ಸ್ಕೂಟರ್ ಟ್ಯೂಬಿನ ವಾಲ್ ತೂರಿಸಿದ್ದೀರಾದರೆ, ಎಷ್ಟು ಒತ್ತಡಕ್ಕೆ ಹಾರಬೇಕೆಂದು ನಿರ್ಧರಿಸುವುದು ಕಾರ್ಕು, ನಿಮ್ಮ ರಟ್ಟೆಯಲ್ಲ. ಸಡಿಲವಾಗಿದ್ದರೆ 15 ಪಿಎಸ್‌ಐಗೇ ಕಿತ್ತುಕೊಳ್ಳುತ್ತದೆ. ವೇಗ ಸಾಲದೆ ರೆಕ್ಕೆಗೆ ಗಾಳಿ ಹಿಡಿಯುವುದಿಲ್ಲ. ಇನ್ನಷ್ಟು ಒಳಗೆ ತಳ್ಳಿ, 40ರಿಂದ 50ರೊಳಗೆ ಹಾರುವಂತೆ ನೋಡಿಕೊಳ್ಳಿ. 60 ದಾಟಬೇಡಿ. ನೀರು 400 ಮಿ.ಲೀ., ಹೆಚ್ಚಾದರೆ ಗಾಳಿಗೆ ಜಾಗವಿಲ್ಲ. ಗೆರೆ ಬಿದ್ದ, ಬಿಸಿಲಿಗೆ ಒಣಗಿದ ಬಾಟಲಿ ಬಿಸಾಡಿ. ತೆಳು ನೀರಿನ ಬಾಟಲಿಯಂತೂ ಬೇಡವೇ ಬೇಡ. ಪಂಪಿನ ಪೈಪು ಗಿಡ್ಡವಾಗಿದ್ದರೆ ನಾಲ್ಕೈದು ಮೀಟರ್ ಏರ್ ಪೈಪು ಸೇರಿಸಿ ದೂರದಿಂದ ತುಳಿಯಿರಿ. ನೀರಿನ ಬದಲು ಮದ್ದು, ಬೆಂಕಿಕಡ್ಡಿ ಪುಡಿ ತುಂಬುವ ಯೋಚನೆ ಬಿಡಿ: ಬೆರಳು ಹೋಗುವುದು ಒಂದು ಕಡೆ, ಲೈಸೆನ್ಸಿಲ್ಲದೆ ಸ್ಫೋಟಕ ತಯಾರಿಸುವುದು 1884ರ ಕಾಯ್ದೆಯಡಿ ಅಪರಾಧ.

ಹಾಸನದ ಎಂಸಿಎಫ್ ಎಂಬ ಇಸ್ರೋ ಕೇಂದ್ರದಿಂದ ನಿಯಂತ್ರಿಸುವ ಉಪಗ್ರಹಗಳಿಗೆ ಇಂಥ ರೆಕ್ಕೆ ಯಾಕಿಲ್ಲ ಎಂದು ಮೇಳದಲ್ಲಿ ಯಾರಾದರೂ ಮಗಳನ್ನು ಕೇಳಿಯೇ ಕೇಳುತ್ತಾರೆ. ಅಲ್ಲಿ ರೆಕ್ಕೆ ಹಿಡಿಯಲು ಗಾಳಿಯೇ ಇಲ್ಲ. ಎರಡು ಬದಿ ಚಾಚಿರುವುದು ಸೌರಫಲಕ.

ಆಷಾಢದ ಗಾಳಿಯಲ್ಲಿ ಹಾರಿಸಿದರೆ ರಾಕೆಟ್ ಗಾಳಿ ಬರುವ ದಿಕ್ಕಿಗೆ ಮುಖ ತಿರುಗಿಸಿ ಓಡುತ್ತದೆ. ಅದು ಲಾಗವಲ್ಲ, ರೆಕ್ಕೆ ಕೆಲಸ ಮಾಡುತ್ತಿರುವ ಗುರುತು. ಬೆಳಗಿನ ಜಾವ, ರಾಗಿ ಕೊಯ್ದ ಹೊಲ ಒಳ್ಳೆಯದು. ಕಾಫಿ ತೋಟದ ಪಕ್ಕ ಬೇಡ: ಸಿಲ್ವರ್ ಓಕ್ ತುದಿಗೆ ಸಿಕ್ಕಿಕೊಂಡರೆ, ಮೆಣಸು ಕೊಯ್ಲಿಗೆ ಏಣಿ ಬರುವತನಕ ಅದು ಅಲ್ಲೇ.