ಎಲ್ ನಿನೋ: ಗಾಳಿ ಮೊದಲೋ, ಕಡಲು ಮೊದಲೋ?

ಬಿಸಿ ಹಾಲಿನ ಲೋಟಕ್ಕೆ ಒಂದೇ ಕಡೆಯಿಂದ ಊದಿ ನೋಡಿ. ಕೆನೆ ಸುಕ್ಕುಗಟ್ಟುತ್ತಾ ಎದುರಿನ ಅಂಚಿಗೆ ಹೋಗಿ ಸೇರುತ್ತದೆ, ನಮ್ಮ ಕಡೆ ಅಡಿಯ ಹಾಲು ಕಾಣಿಸುತ್ತದೆ. ಸಮಭಾಜಕ ವೃತ್ತದ ಉದ್ದಕ್ಕೂ ಪೆಸಿಫಿಕ್ ಸಾಗರದಲ್ಲಿ ವಾಣಿಜ್ಯ ಮಾರುತಗಳು ಮಾಡುವುದೂ ಇದನ್ನೇ. ಪೂರ್ವದಿಂದ ಬೀಸುತ್ತಾ ಮೇಲ್ಪದರದ ಬೆಚ್ಚನೆಯ ನೀರನ್ನು ಇಂಡೋನೇಷ್ಯಾದತ್ತ ತಳ್ಳುತ್ತವೆ. ಅಲ್ಲಿ ಸಮುದ್ರಮಟ್ಟ ದಕ್ಷಿಣ ಅಮೆರಿಕದ ಕಡೆಗಿಂತ ಸುಮಾರು ಅರ್ಧ ಮೀಟರ್ ಎತ್ತರ. ನೀರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪೆರುವಿನ ಕಡೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ.

ಈಗ ಕಡಲಿನ ಸರದಿ. ಬಿಸಿನೀರಿನ ಮೇಲೆ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ, ಒತ್ತಡ ಇಳಿಯುತ್ತದೆ. ತಣ್ಣೀರಿನ ಮೇಲೆ ಒತ್ತಡ ಹೆಚ್ಚು. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಗಾಳಿ ನುಗ್ಗುವುದರಿಂದ ಅದೇ ಮೂಡಣ ಗಾಳಿಗೆ ಇನ್ನಷ್ಟು ಬಲ. ಎರಡೂ ಕಡೆಯ ಒತ್ತಡ ತಕ್ಕಡಿಯಂತೆ ತೂಗುವುದನ್ನು, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ 1920ರ ದಶಕದಲ್ಲೇ ಗುರುತಿಸಿದ್ದರು. ಅದಕ್ಕೂ ಕಡಲಿನ ಬಿಸಿಗೂ ಗಂಟು ಹಾಕಿ ತೋರಿಸಿದವರು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್ನೆಸ್, 1969ರಲ್ಲಿ.

ಗಾಳಿ ಸಡಿಲಗೊಂಡರೆ ಇದೇ ಸರಪಳಿ ತಿರುವುಮುರುವಾಗುತ್ತದೆ. ಬಿಸಿನೀರು ಪೂರ್ವಕ್ಕೆ ಜಾರುತ್ತದೆ, ಒತ್ತಡದ ಅಂತರ ಕುಗ್ಗುತ್ತದೆ, ಗಾಳಿ ಮತ್ತೂ ಸೋಲುತ್ತದೆ. ಅದೇ ಎಲ್ ನಿನೋ.

ಆದರೆ ಕಡಲೊಂದೇ ಸಿದ್ಧವಾಗಿದ್ದರೆ ಸಾಲದು. 2014ರ ಮಾರ್ಚ್, ಏಪ್ರಿಲ್‌ನ ನಕ್ಷೆಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಪಶ್ಚಿಮದಲ್ಲಿ ಕೆಲವು ವಾರ ಗಾಳಿ ಎದುರು ದಿಕ್ಕಿಗೆ ಬೀಸಿತ್ತು. ಸಾಗರದಲ್ಲಿ ಲಂಗರು ಹಾಕಿ ನಿಲ್ಲಿಸಿದ ಉಪಕರಣಗಳು ಕಳಿಸಿದ ಚಿತ್ರದಲ್ಲಿ, ನೂರು ಮೀಟರ್ ಆಸುಪಾಸಿನ ಆಳದಲ್ಲಿ, ವಾಡಿಕೆಗಿಂತ 5 ಡಿಗ್ರಿಗೂ ಹೆಚ್ಚು ಬಿಸಿಯಾದ ನೀರಿನ ಕೆಂಪು ಉಂಡೆ ವಾರದಿಂದ ವಾರಕ್ಕೆ ಪೂರ್ವಕ್ಕೆ ಸರಿಯುತ್ತಿತ್ತು. 1997ರ ಮಹಾ ಎಲ್ ನಿನೋಗೆ ಮುಂಚೆಯೂ ಹೀಗೇ ಆಗಿತ್ತು. ಪ್ರಪಂಚವೆಲ್ಲ ಕಾದು ಕೂತಿತು. ನೀರು ಪೂರ್ವ ತೀರ ಮುಟ್ಟಿ ಮೇಲೂ ಬಂತು. ಆದರೆ ಆ ಕೆಲವು ವಾರ ಕಳೆದ ಮೇಲೆ ಗಾಳಿ ಮಾತ್ರ ಸಡಿಲವಾಗಲೇ ಇಲ್ಲ. ಮೂಡಣದಿಂದ ಬೀಸುತ್ತಲೇ ಇತ್ತು. ಬಿಸಿ ಕರಗಿತು. ದೊಡ್ಡ ಎಲ್ ನಿನೋ ಬಂದದ್ದು ಮರುವರ್ಷ, 2015ರಲ್ಲಿ.

ಎಲ್ ನಿನೋ ಬಂದರೆ ನಮ್ಮ ಮುಂಗಾರು ಸೊರಗುವುದೇ ಹೆಚ್ಚು, ಆದರೆ ಮುಂಗಾರಿಗೆ ಇದೊಂದೇ ಲೆಕ್ಕವೂ ಅಲ್ಲ. 1997ರಲ್ಲಿ ಅಷ್ಟು ಪ್ರಬಲ ಎಲ್ ನಿನೋ ಇದ್ದರೂ ದೇಶಕ್ಕೆ ವಾಡಿಕೆ ಮಳೆಯಾಯಿತು. ಹಾಗಾಗಿ ಯುಗಾದಿ ಹೊತ್ತಿಗೆ ರೈತರು ಫೋನ್ ಮಾಡಿ "ಈ ಸಲ ಎಲ್ ನಿನೋ ಅಂತೆ, ಏನ್ ಸಾರ್ ಕಥೆ?" ಎಂದು ಕೇಳಿದರೆ, ಜೂನ್‌ವರೆಗೆ ತಡೆಯಿರಿ ಅನ್ನುತ್ತೇನೆ. ಅಲ್ಲಿಯವರೆಗೆ ನಾನು ನೋಡುವುದು ಕಡಲಿನ ಕೆಂಪು ಬಣ್ಣವನ್ನಲ್ಲ, ಪೆಸಿಫಿಕ್ ನಡುವೆ ಹಾಯುವ 180 ಡಿಗ್ರಿ ರೇಖಾಂಶದ ಸುತ್ತ ಗಾಳಿಯ ಬಾಣಗಳು ಯಾವ ಕಡೆಗೆ ತಿರುಗಿವೆ ಎಂಬುದನ್ನು.